ಎಪ್ಪತ್ತೆಂಟನೇ ವಾರದ ಆಂಪ್ಲಿಫೈಯರ್

ಚಪ್ಪಲಿಯನ್ನು ಒಮ್ಮೆ ಮೂಸಿದರೆ ಸಾಕು, ಅದು ಅಸಲಿ ಚರ್ಮವೋ ರೆಗ್ಜಿನ್ನೋ ಎಂದು ಹೇಳಬಲ್ಲ ಗಂಡಸು ಇಡೀ ಶಿಕಾರಿಪುರದಲ್ಲಿ ನಾನೊಬ್ಬನೇ. ಅಂಥವನಿಗೆ ಒಂದು ಗಿಟಾರ್ ಆಂಪ್ಲಿಫೈಯರ್‌ನ ಜಾತಕ ಬಿಡಿಸುವುದು ಯಾವ ಲೆಕ್ಕ? ಆ ಭಾನುವಾರ ತಿಂಡಿ ಮುಗಿಸಿದವನೇ ಸ್ಕ್ರೂಡ್ರೈವರನ್ನು ಖಡ್ಗದಂತೆ ಹಿರಿದು ನಡುಮನೆಯಲ್ಲಿ ಕೂತೆ.

ನನ್ನನ್ನು ಕೆಣಕಿದವನು ಚೌಡೇಶ. ಹರೆಯದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಿಟಾರ್ ನಾನು, ಡ್ರಮ್ಸ್ ಹೊಸಬಾಳೆಯ ಚೌಡೇಶ, ಹಾಡುವವಳು ರಜನಿ. ತಂಡ ಮುರಿದಾಗ ರಜನಿಯನ್ನು ಚೌಡೇಶ ಮದುವೆಯಾದ. ನನ್ನ ಪಾಲಿಗೆ ಆಂಪ್ಲಿಫೈಯರ್ ಬಂತು. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದನ್ನು ತಂದ ವಿಲಾಯತಿ ಪೆಟ್ಟಿಗೆ ಅದು. ಗಣಪತಿ ಪೆಂಡಾಲಿನಲ್ಲಿ ಅದರ ಗಾಜಿನ ವಾಲ್ವುಗಳು ಕೆಂಪಗಾಗಿ ಒಳಗಿಂದ ಸಣ್ಣಗೆ ಗುಂಯ್ ಎನ್ನತೊಡಗಿದರೆ ಮುಂದೆ ಕೂತ ಮಕ್ಕಳು ಗಲಾಟೆ ನಿಲ್ಲಿಸುತ್ತಿದ್ದರು. ಬಿಸಿಯಾದ ಧೂಳಿನ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಮೊನ್ನೆ ಸೊರಬದ ಒಂದು ಮದುವೆ ಊಟದಲ್ಲಿ ನಾನು ಅದರ ಮಹಿಮೆಯನ್ನು ಅಕ್ಕಪಕ್ಕದವರಿಗೆ ಬಡಿಸುತ್ತಿದ್ದೆ. ಚೌಡೇಶ ತಲೆ ಎತ್ತದೆ, "ಅದು ಒರಿಜಿನಲ್ ಅಲ್ಲ ಬಿಡು ಮಾರಾಯ" ಎಂದುಬಿಟ್ಟ. ಹೇಗೆ ಗೊತ್ತು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ನಾನು ಪಾಯಸ ಬಿಟ್ಟು ಎದ್ದು ಬಂದೆ. ಆಮೇಲೆ ಅವನ ಫೋನೂ ಎತ್ತಲಿಲ್ಲ.

ಹಳೇ ಆಂಪ್ಲಿಫೈಯರ್‌ನ ವಯಸ್ಸು ತಿಳಿಯುವ ವಿದ್ಯೆಯನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಅರಗಿಸಿಕೊಂಡಿದ್ದೆ. ವಾಲ್ವು ನಂಬಬಾರದು, ಅದು ಬಲ್ಬಿನ ಹಾಗೆ ಬದಲಾಗುತ್ತಿರುತ್ತದೆ. ಒಳಗಿನ ಬಿಡಿಭಾಗಗಳ ಮೇಲೆ ಒತ್ತಿರುವ ಅಂಕಿ ನೋಡಬೇಕು. ಕೊನೆಯ ಎರಡು ಅಂಕಿ ವಾರ, ಅದರ ಹಿಂದಿನವು ಇಸವಿ. ಬೆಸುಗೆ ಮಂಕಾಗಿದ್ದರೆ ಹಳೆಯದು, ಮಿನುಗಿದರೆ ಯಾರೋ ಕೈ ಆಡಿಸಿದ್ದಾರೆ.

ಇದನ್ನೆಲ್ಲ ನನ್ನ ಹೆಂಡತಿ ಫಿರ್ದೋಸ್‌ಗೆ ವಿವರಿಸಿ, ಮುಂಭಾಗದ ಬಟ್ಟೆಯನ್ನು ತೋರಿಸಿ, ಇಂಥ ನೇಯ್ಗೆ ಲಂಡನ್ನಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದೆ. ದಿವಾನದ ಮೇಲೆ ಕೂತು ತಸ್ಬಿಯ ಮಣಿ ಎಣಿಸುತ್ತಿದ್ದ ನನ್ನ ತಾಯಿ ಇಮಾಂಬೀ ಕನ್ನಡಕ ಸರಿಮಾಡಿಕೊಂಡರು. ಅದು ನಮ್ಮ ಹಳೇ ಮನೆಯ ಬಾಗಿಲಿನ ಪರದೆಯದೇ ಬಟ್ಟೆ ಎಂದರು. ಜೋಡಿಯಲ್ಲಿ ಒಂದು ಕಾಣೆಯಾಗಿದ್ದಕ್ಕೆ ಅವರು ಪಕ್ಕದ ಮನೆಯವರನ್ನು ಬಹಳ ಕಾಲ ಅನುಮಾನಿಸಿದ್ದರಂತೆ.

ಲಂಡನ್ ಹೋಯಿತು. ಧೈರ್ಯಗೆಡದೆ ಹಿಂಬದಿಯ ಹಲಗೆ ಬಿಚ್ಚಿ ಕೈ ಹಾಕಿದೆ. ಪ್ಲಗ್ ಕಿತ್ತರೂ ಇಂಥ ಪೆಟ್ಟಿಗೆಯೊಳಗೆ ಕರೆಂಟು ಉಳಿದಿರುತ್ತದೆ ಎಂಬ ಪಾಠವೂ ಅದೇ ವಿಡಿಯೋದಲ್ಲಿ ಇತ್ತಂತೆ. ನಾನು ಅಷ್ಟು ದೂರ ನೋಡಿರಲಿಲ್ಲ. ಹಿಂದಿನ ಸಂಜೆ ಸದ್ದು ಬರುತ್ತದೋ ಎಂದು ನೋಡಲು ಚಾಲೂ ಮಾಡಿದ್ದೆನಲ್ಲ, ಆ ಕರೆಂಟು ನನಗಾಗಿಯೇ ಕಾದಿತ್ತು. ನಾನು ಹಿಂದಕ್ಕೆ ಹಾರಿ, ದೋಸೆಗೆಂದು ನೆನೆಹಾಕಿದ್ದ ಅಕ್ಕಿಯ ಪಾತ್ರೆಯಲ್ಲಿ ಸಿಂಹಾಸನಾರೂಢನಾದೆ. ಸ್ಕ್ರೂಗಳೆಲ್ಲ ಅಕ್ಕಿಯಲ್ಲಿ ಮುಳುಗಿದವು. ಫಿರ್ದೋಸ್ ಮೊದಲು ನನ್ನ ಬೆರಳು ನೋಡಿದಳು, ಆಮೇಲೆ ಅಕ್ಕಿ ನೋಡಿದಳು. ಎರಡನೆಯದನ್ನೇ ಹೆಚ್ಚು ಹೊತ್ತು ನೋಡಿದಳು.

ನಾನು ಪೆಟ್ಟಿಗೆಯಿಂದ ಮಾರು ದೂರ ನಿಂತಿದ್ದರಿಂದ ಟಾರ್ಚ್ ಹಿಡಿದು ಟ್ರಾನ್ಸ್‌ಫಾರ್ಮರಿನ ಮೇಲಿನ ಅಂಕಿಗಳನ್ನು ಅವಳೇ ಓದಿದಳು. ಕೊನೆಯಲ್ಲಿ ಅರವತ್ಮೂರು, ಎಪ್ಪತ್ತೆಂಟು. ಅರವತ್ಮೂರನೇ ಇಸವಿ! ನಾನು ಒದ್ದೆ ಪೈಜಾಮದಲ್ಲೇ ಕುಣಿಯುವುದೊಂದು ಬಾಕಿ.

"ರೀ, ಎಪ್ಪತ್ತೆಂಟನೇ ವಾರ ಅಂದ್ರೆ ಯಾವ ತಿಂಗಳು ಬರ್ತದೆ?" ಎಂದಳು ಫಿರ್ದೋಸ್.

ವಿಲಾಯತಿಯಲ್ಲಿ ವರ್ಷ ಸ್ವಲ್ಪ ಉದ್ದ ಇರಬಹುದು ಎನ್ನುವಷ್ಟರಲ್ಲಿ ಅಮ್ಮನ ಬೆರಳು ತಸ್ಬಿಯ ಮಣಿಯ ಮೇಲೆ ನಿಂತಿತು. ಅಂಕಿಗಳನ್ನು ಇನ್ನೊಮ್ಮೆ ಮೊದಲಿನಿಂದ ಓದು ಎಂದರು. ಕೇಳಿಸಿಕೊಂಡು, "ಅದು ನಿಮ್ಮ ಅಬ್ಬಾನ ಅಂಗಡಿ ಫೋನ್ ನಂಬರ್ ಅಲ್ಲೇನು" ಎಂದರು.

ಅಬ್ಬಾ ಎಂದರೆ ಗುಲಾಬ್ ಸಾಬ್. ಸುತ್ತಮುತ್ತಲ ಊರುಗಳ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಕೊಡುತ್ತಿದ್ದವರು. ಸುತ್ತಿದ್ದೆಲ್ಲದರ ಮೇಲೂ ತಮ್ಮ ನಂಬರಿನ ಅಚ್ಚೊತ್ತುವುದು ಅವರ ಪದ್ಧತಿ. ನನ್ನ ಗಿಟಾರ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದನ್ನು ಬಡಿಯುವ ಹೊತ್ತಿನಲ್ಲಿ ಮೋಟಾರು ಬಿಚ್ಚುವುದನ್ನಾದರೂ ಕಲಿ ಎನ್ನುತ್ತಿದ್ದರು.

ಅಮ್ಮ ಹೇಳತೊಡಗಿದರು. ಉಡುತಡಿಯಲ್ಲಿ ನಮ್ಮ ಕಾರ್ಯಕ್ರಮದ ಹಿಂದಿನ ದಿನ ಪೆಟ್ಟಿಗೆ ಸುಟ್ಟುಹೋಯಿತಂತೆ. ನನಗೆ ಹೇಳಿದರೆ ಎದೆ ಒಡೆದುಕೊಂಡೇನೆಂದು ಚೌಡೇಶ ಅದನ್ನು ನೇರ ಅಬ್ಬಾನ ಅಂಗಡಿಗೆ ಹೊತ್ತುಕೊಂಡು ಹೋದನಂತೆ. ಅಬ್ಬಾ ರೈತರ ಮೋಟಾರು ಬದಿಗಿಟ್ಟು, ಬೈಯುತ್ತಲೇ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿದರಂತೆ. ಸುಟ್ಟ ಮುಂಭಾಗಕ್ಕೆ ಪರದೆ ಕತ್ತರಿಸಿ ಕೊಟ್ಟವರೂ ಅವರೇ ಇರಬೇಕು ಎಂದು ಅಮ್ಮನಿಗೆ ಈಗ ಹೊಳೆಯಿತು. ಕೊನೆಗೆ ಅಬ್ಬಾ ಚೌಡೇಶನಿಗೂ ಅಮ್ಮನಿಗೂ ಹೇಳಿದ್ದು ಒಂದೇ ಮಾತು: "ನಾನು ಮಾಡಿದ್ದು ಅಂತ ಅವನಿಗೆ ಹೇಳಬ್ಯಾಡ."

ಅಬ್ಬಾ ಹೋಗಿ ಎಷ್ಟೋ ವರ್ಷವಾಯಿತು. ಚೌಡೇಶ ಇನ್ನೂ ಮಾತು ಉಳಿಸಿಕೊಂಡಿದ್ದ. ನಾನು ಆ ತಂತಿಯ ಸುತ್ತುಗಳನ್ನು ನೋಡುತ್ತ ಕೂತೆ. ಒಂದರ ಪಕ್ಕ ಒಂದು, ಎಲ್ಲೂ ಸಡಿಲವಿರಲಿಲ್ಲ. ಫಿರ್ದೋಸ್ ಅಕ್ಕಿಯಿಂದ ಸ್ಕ್ರೂ ಆರಿಸತೊಡಗಿದಳು.

ಮರುದಿನ ನನ್ನ ಚಪ್ಪಲಿ ಅಂಗಡಿಗೆ ಬೀಗ ಹಾಕಿ, ಪೆಟ್ಟಿಗೆಯನ್ನೂ ಗಿಟಾರನ್ನೂ ಆಟೋಗೆ ಹೇರಿ, ಶಿರಾಳಕೊಪ್ಪದ ಮೇಲೆ ಹೊಸಬಾಳೆಗೆ ಹೋದೆ. ಚೌಡೇಶ ಅಂಗಳದಲ್ಲಿದ್ದ. ನಾನು ಅಬ್ಬಾನ ನಂಬರ್ ತೋರಿಸಿದೆ. ಅವನು ಬಗ್ಗಿ ನೋಡಿ, "ಅಂತೂ ಸಿಕ್ತಲ್ಲ. ನಂಗೆ ಒಂದು ಭಾರ ಇಳೀತು ಮಾರಾಯ" ಎಂದ.

ಜಗಲಿಯ ಮೇಲೆ ಪೆಟ್ಟಿಗೆ ಇಟ್ಟು ಪ್ಲಗ್ ಹಾಕಿದೆವು. ವಾಲ್ವುಗಳು ನಿಧಾನವಾಗಿ ಕೆಂಪಾದವು. ಅದೇ ಗುಂಯ್, ಅದೇ ಧೂಳಿನ ವಾಸನೆ. ಚೌಡೇಶ ಖಾಲಿ ಡಬ್ಬಿಯೊಂದನ್ನು ಮಡಿಲಿಗೆ ಎಳೆದುಕೊಂಡ. ನಾನು ಕಣ್ಣು ಮುಚ್ಚಿ, ಸಭೆಯೊಂದು ಎದುರಿಗಿದೆ ಎಂಬ ಗತ್ತಿನಲ್ಲಿ, ಕಾರ್ಯಕ್ರಮ ಶುರುಮಾಡುವಾಗ ನುಡಿಸುತ್ತಿದ್ದ ತುಣುಕನ್ನು ಎತ್ತಿಕೊಂಡೆ.

ನಾಲ್ಕು ಸ್ವರ ಹೋಗಿರಲಿಲ್ಲ, ಅಡುಗೆಮನೆಯಿಂದ ರಜನಿಯ ದನಿ ಬಂತು. ನಾನು ಬಂದದ್ದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ಅರ್ಫಾತಣ್ಣ ಬಂದಾರಾ? ಆ ಜಾಗದಲ್ಲಿ ಹಂಗೆ ತಪ್ಪು ಬಾರಿಸೋರು ಇನ್ಯಾರೂ ಇಲ್ಲ ಬಿಡಿ. ಚಾ ಇಡ್ತೀನಿ."