ಸೀರೆ ಉಟ್ಟ ಮೀನು

ನಮ್ಮ ಮನೆಯಲ್ಲಿ ಹಿಂದಿ ಬಲ್ಲವನು ನಾನೊಬ್ಬನೇ. ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು, ಉತ್ತರದ ಸಪ್ಲೈಯರುಗಳ ಜೊತೆ ಫೋನಿನಲ್ಲಿ ಜಗಳವಾಡಿಯೇ ಕಲಿತ ಹಿಂದಿ. ಹಾಗಾಗಿ ಮಗಳು ನಿಧಿ ಕೋಲ್ಕತ್ತದ ಹುಡುಗನನ್ನು ಒಪ್ಪಿದ ಕೂಡಲೇ, ಎರಡು ಮಹಾಸಂಸ್ಥಾನಗಳ ನಡುವಿನ ರಾಯಭಾರಿಯಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. (ಬೇರೆ ಅರ್ಜಿ ಬಂದಿರಲಿಲ್ಲ.)

ಆದರೆ ಕೇಳುವವರು ಯಾರು? ಹೆಂಡತಿ ಗಂಗಾಂಬಿಕೆ ದಿನಾ ವಿಡಿಯೋ ಕಾಲ್ ಮಾಡಿ ಬೀಗಿತ್ತಿ ಶಿಖಾ ಅವರ ಜೊತೆ ನೇರ ಮಾತುಕತೆ ನಡೆಸುತ್ತಿದ್ದಳು. ಇವಳದು ಕನ್ನಡ, ಅವರದು ಬಂಗಾಳಿ. ಇವಳು ಸೌಟು ತೋರಿಸುವುದು, ಅವರು ಬಾಣಲೆ ತೋರಿಸುವುದು, ಇಬ್ಬರೂ ಬಿದ್ದು ಬಿದ್ದು ನಗುವುದು.

"ಏನ್ ಅರ್ಥ ಆಯ್ತೇ ನಿಂಗೆ?"

"ಎಲ್ಲಾ ಆಯ್ತು. ನೀವು ಪೇಪರ್ ಓದ್ಕಳಿ."

ನಿಶ್ಚಿತಾರ್ಥದ ಬೆಳಿಗ್ಗೆ ನಿಧಿ ನನ್ನ ಕೈ ಹಿಡಿದುಕೊಂಡಳು. "ಅಪ್ಪಾಜಿ, ಇವತ್ತೊಂದಿನ ಏನೂ ಎಡವಟ್ಟು ಮಾಡ್ಬೇಡಿ." ಕಣ್ಣು ತುಂಬಿಕೊಂಡಿತ್ತು.

ಬೀಗರು ಬಂದು ಹಜಾರದಲ್ಲಿ ತಟ್ಟೆಗಳನ್ನಿಟ್ಟರು. ಹಣ್ಣು, ಸೀರೆ, ಕೊನೆಗೆ, ಶಿವಶಿವಾ, ಮೊಳದುದ್ದದ ಮೀನು! ಕೆಂಪು ಸೀರೆ ಉಟ್ಟು, ಮೂಗುತಿ ಇಟ್ಟು, ಮದುಮಗಳಂತೆ ಮಲಗಿದೆ. ಹುಡುಗಿ ಮನೆಗೆ ಸಿಂಗರಿಸಿದ ಮೀನು ಒಯ್ಯುವುದು ಅವರಲ್ಲಿ ಶುಭವೆಂದು ಹುಡುಗ ಎಂದೋ ಹೇಳಿದ್ದು ನೆನಪಾಯಿತು. ನಮ್ಮದೋ ಮೊಟ್ಟೆಯೂ ಹೊಸಿಲು ದಾಟದ ಲಿಂಗಾಯತರ ಮನೆ. ಒಳಗೆ ಅರಕಲಗೂಡಿನ ದೊಡ್ಡಯ್ಯ ಚಿಕ್ಕಪ್ಪ ವಿಭೂತಿ ಧರಿಸಿ ಕೂತಿದ್ದಾರೆ. ಅವರು ಕಂಡರೆ ನಿಶ್ಚಿತಾರ್ಥ ಅಲ್ಲೇ ಮುರಿದು ಬೀಳುತ್ತದೆ. ಉಸಿರು ಬಿಗಿಹಿಡಿದು ತಟ್ಟೆ ಎತ್ತಿ ಹಿತ್ತಿಲಿಗೆ ಓಡಿ, ಕಾಂಪೌಂಡಿನಾಚೆಯ ಕೆಂಪಣ್ಣನಿಗೆ ದಾಟಿಸಿದೆ.

"ಬೇಗ ಸಾರು ಮಾಡಿ ಮುಗ್ಸು. ಸಾಕ್ಷಿ ಉಳೀಬಾರ್ದು!"

"ಸೀರೆ ಏನ್ ಮಾಡ್ಲಣ್ಣೋ?"

"ನಿನ್ ಹೆಂಡ್ತಿ ಅನಸೂಯಮ್ಮಂಗೆ ಉಡ್ಸು, ಓಗು!"

ಯುದ್ಧ ಗೆದ್ದ ದಂಡನಾಯಕನಂತೆ ಒಳಗೆ ಬಂದೆ. ಶಿಖಾ ಅವರು ಅತ್ತಿತ್ತ ಹುಡುಕಿ, ಮೀನೆಲ್ಲಿ ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಬೇಕೆ! ರಾಯಭಾರಿಯ ಬಾಯಿಂದ ಮೊಳೆ, ತಗಡಿನ ದರ ಬಿಟ್ಟು ಹಿಂದಿಯ ಒಂದು ಪದವೂ ಹೊರಡಲಿಲ್ಲ.

ಅಷ್ಟರಲ್ಲಿ ಹಿಂಬಾಗಿಲಿಗೆ ಕೆಂಪಣ್ಣ ಬಂದ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಬಾಲವಿಲ್ಲದ ಮೀನಿನ ತಟ್ಟೆ.

"ಬಸವೇಶಣ್ಣೋ, ಇದ್ಯಾವ್ ಮೀನು? ಒಂದ್ ಮುಳ್ಳಿಲ್ಲ! ಒಳಗೆಲ್ಲಾ ಖೋವಾ ಕಣಣ್ಣ, ಯಾಲಕ್ಕಿ ಬೇರೆ. ಅನಸೂಯ ಖಾರ ರುಬ್ಕಂಡ್ ಕುಂತವ್ಳೆ, ಏನ್ ಮಾಡನ?"

ಮೊದಲು ನಕ್ಕವರು ಶಿಖಾ. ಆಮೇಲೆ ಗಂಗಾಂಬಿಕೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ದೊಡ್ಡಯ್ಯ ಚಿಕ್ಕಪ್ಪ ಒಂದು ತುಂಡು ಬಾಯಿಗಿಟ್ಟು, "ಇನ್ನೊಂಚೂರು ಕೊಡ್ರಪ್ಪ" ಎಂದರು. ಅಲ್ಲಿಗೆ ಮದುವೆ ಗಟ್ಟಿಯಾಯಿತು! ಅವರಲ್ಲಿ ಮೀನಿನ ತಲೆ ಮಾನ್ಯರಿಗೆ ಸಲ್ಲಬೇಕಂತೆ. ಶಿಖಾ ಅವರು ಅದನ್ನು ನನ್ನ ಎಲೆಗೇ ಬಡಿಸಿದರು. ಅದು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ತಿಂದೆ. ಸುಳ್ಳೇಕೆ, ಅಮೃತ! ನಿಧಿ ನಗುನಗುತ್ತಾ ಫೋಟೋ ತೆಗೆದಳು. ಆ ನಗು ನೋಡಿ ನನಗೆ ಹೊಟ್ಟೆ ತುಂಬಿತು.

ಬೀಗರು ಹೊರಟ ಮೇಲೆ ಹೆಂಡತಿಯ ಮೇಲೆ ಹರಿಹಾಯ್ದೆ. "ಖೋವಾದ ಮೀನು ಅಂತ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?"

"ಮೀನು ಬ್ಯಾಡ ಅಂತ ಕೈ ಆಡಿಸ್ದೋಳೇ ನಾನು. ಖೋವಾದಲ್ಲಿ ಮಾಡ್ತೀನಿ ಅಂತ ಅವ್ರು ಬಾಣಲೇಲಿ ಕಾಯ್ಸಿ ತೋರ್ಸಿದ್ರು. ಹೋದ್ವಾರ ನಿಮ್ಗೂ ಹೇಳ್ದೆ. ಹ್ಞೂಂ ಅಂದ್ರಿ."

"ಯಾವ ಭಾಷೇಲಿ ಹೇಳ್ದೆ?"

"ಕನ್ನಡದಲ್ಲೇ" ಎಂದು ಪೇಪರ್ ತಂದು ನನ್ನ ಕೈಗಿಟ್ಟಳು.