ಎರಡು ಮೊಳ ಮೇಲೆ

ಆ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ವೆಂಡೆಲ್ ಸುಮ್ಮನೆ ಪ್ಯಾನ್‌ಕೇಕ್ ತಿಂದು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಎಲ್ಕ್ ಎಂಬ ಭಾರಿ ಕಾಡುಜಿಂಕೆಯ ಬೇಟೆಯ ಮೊದಲ ದಿನ, ನಾಲಿಗೆ ತುರಿಸಿತು.

"ಇನ್ನೂರು ಗಜ ದಾಟಿದ್ರೆ ನಾನು ಹೊಡೆಯಲ್ಲಪ್ಪ. ಗಾಯ ಮಾಡ್ಕೊಂಡು ಓಡಿ, ಎಲ್ಲೋ ನರಳಿ ಸಾಯುತ್ತೆ, ಪಾಪ."

"ಅದಕ್ಕೇ ಆರು ವರ್ಷದಿಂದ ನಿಮ್ಮನೆ ಫ್ರೀಜರ್‌ನಲ್ಲಿ ಬರೀ ಬಟಾಣಿ!" ಎಂದ ಪಕ್ಕದ ಮನೆಯ ಆರ್ಲೊ.

"ನಡಿಯೋ, ನಾವೂ ಬರ್ತೀವಿ, ಕಲಿಸ್ತೀವಿ," ಎಂದ ಎದುರು ಮನೆಯ ಡ್ಯೂಯಿ.

ಶಾಲೆಯ ಬಸ್ಸು ಓಡಿಸುವ ವೆಂಡೆಲ್‌ಗೆ ಬಸ್ಸಿನ ತುಂಬಾ ಮಕ್ಕಳನ್ನು ಗದರಿಸಲು ಬರುತ್ತಿತ್ತು. ಇವರಿಬ್ಬರನ್ನು ಗದರಿಸಲು ಬರುತ್ತಿರಲಿಲ್ಲ.

ಕಣಿವೆಯ ಅಂಚಿಗೆ ಬಂದಾಗ ಗೊತ್ತಾಯಿತು, ದೂರ ಅಳೆಯುವ ಯಂತ್ರವನ್ನು ಆರ್ಲೊ ಗಾಡಿಯಲ್ಲೇ ಮರೆತಿದ್ದ. ಎದುರಿನ ಇಳಿಜಾರಿನಲ್ಲಿ ಗಂಡು ಎಲ್ಕ್ ಒಂದು, ಫೋಟೋಗೆ ನಿಂತ ಮದುಮಗನ ಹಾಗೆ ನಿಂತಿತ್ತು.

"ಮುನ್ನೂರು ಗಜ. ಬೆನ್ನಿಗೇ ಗುರಿ ಇಡು, ಗುಂಡು ಇಳ್ಕೊಂಡು ಎದೆಗೆ ಹೋಗುತ್ತೆ," ಎಂದ ಆರ್ಲೊ.

"ಇನ್ನೂರೈವತ್ತೂ ಇಲ್ಲ ಕಣೋ. ಹೊಡಿ!" ಎಂದ ಡ್ಯೂಯಿ.

"ನನ್ನ ಕೈಲಾಗಲ್ಲ."

"ಹೊಡಿಯೋ, ಪುಕ್ಕಲ!"

ವೆಂಡೆಲ್‌ಗೆ ಬೇಕಿದ್ದುದು ಎರಡೇ: ಇವರ ಬಾಯಿ ಮುಚ್ಚಬೇಕು, ಆ ಪ್ರಾಣಿ ನೋಯದೆ ಓಡಿಹೋಗಬೇಕು. ಬೇಕೆಂದೇ ಬೆನ್ನಿಗಿಂತ ಎರಡು ಮೊಳ ಮೇಲೆ, ಹಿಂದಿನ ಮಣ್ಣಿಗೆ ಗುರಿಯಿಟ್ಟು ಟ್ರಿಗರ್ ಎಳೆದ.

ಎಲ್ಕ್ ನಿಂತಲ್ಲೇ ಕುಸಿಯಿತು.

ಆರ್ಲೊ ಏದುಸಿರು ಬಿಡುತ್ತಾ ಓಡಿಹೋಗಿ ಯಂತ್ರ ತಂದು ಅಳೆದ. ಬೆಟ್ಟದ ತಿಳಿಯಾದ ಗಾಳಿಯಲ್ಲಿ ದೂರದ್ದು ಹತ್ತಿರ ಕಂಡು ಮೂವರ ಕಣ್ಣೂ ಮೋಸಹೋಗಿತ್ತು. "ಐನೂರ ಹತ್ತು ಗಜ!"

"ಅಯ್ಯೋ, ತಪ್ಪಿಸ್ಬೇಕು ಅಂತಾನೇ ಎರಡು ಮೊಳ ಮೇಲೆ ಹಿಡಿದೆ ಕಣ್ರೋ!"

"ಕೇಳಿದ್ಯಾ ಡ್ಯೂಯಿ? ಗುಂಡು ಎಷ್ಟು ಇಳಿಯುತ್ತೆ ಅಂತ ಕಣ್ಣಲ್ಲೇ ಲೆಕ್ಕ ಹಾಕಿದಾನೆ, ಮೇಲೆ ಈ ವಿನಯ ಬೇರೆ!"

ಒಂದೇ ಏಟಿಗೆ ಹೋಯಿತಲ್ಲ, ನರಳಲಿಲ್ಲವಲ್ಲ ಎಂದು ವೆಂಡೆಲ್‌ಗೆ ನಿಜವಾಗಿಯೂ ಸಮಾಧಾನವಾಯಿತು. ಅಷ್ಟರಲ್ಲಿ ಎಲ್ಕ್ ನಿಧಾನವಾಗಿ ಜಾರಿತು, ಉರುಳಿತು, ಪೊದೆಗಳನ್ನು ಮುರಿಯುತ್ತಾ ಕಣಿವೆಯ ತಳಕ್ಕೇ ಹೋಗಿ ಬಿತ್ತು. ಗುಂಡು ಎಷ್ಟು ಇಳಿಯುತ್ತದೆಂದು ಎಲ್ಲರೂ ಹೇಳಿದ್ದರು. ಎಲ್ಕ್ ಎಷ್ಟು ಇಳಿಯುತ್ತದೆಂದು ಒಬ್ಬರೂ ಹೇಳಿರಲಿಲ್ಲ.

ಆರ್ಲೊಗೆ ತಕ್ಷಣ ಸೊಂಟ ಹಿಡಿಯಿತು. ಡ್ಯೂಯಿಗೆ ಮಂಡಿ.

ಸಂಜೆ ಎಲ್ಕ್‌ನ ಹಿಂದಿನ ತೊಡೆಯನ್ನು ಬೆನ್ನಿಗೆ ಕಟ್ಟಿಕೊಂಡು, ನಾಲ್ಕು ಕಾಲಲ್ಲಿ ಮೊದಲ ಹೊರೆ ಹತ್ತಿಸುತ್ತಿದ್ದ ವೆಂಡೆಲ್‌ಗೆ ಮೇಲಿನಿಂದ ಆರ್ಲೊನ ದನಿ ಕೇಳಿಸಿತು:

"ಮುಂದಿನ ವರ್ಷ ಆರುನೂರು ಗಜ, ಗುರುಗಳೇ! ಊರಿಗೆಲ್ಲ ಹೇಳಾಯ್ತು!"