ಇಡೀ ಊರು ಒತ್ತಿದರೂ ನಿಲ್ಲದ ಬಸ್ಸು

ಆನ್‌ಲೈನ್ ಅರ್ಜಿಗೆ ಸಹಿ ಬಿದ್ದರೆ ಸರ್ಕಾರವೇ ನಡುಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೆ. ನಾನು ನಡುಗಿಸಬೇಕಾಗಿದ್ದದ್ದು ಬರೀ ಒಂದು ಬಸ್ಸನ್ನು. ಬೆಳಿಗ್ಗೆ ಕುಷ್ಟಗಿಗೆ ಹೋಗುವ ಆ ಬಸ್ಸು ನಮ್ಮೂರ ಕ್ರಾಸಿನಲ್ಲಿ ಧೂಳೆಬ್ಬಿಸುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ತಂಗಿ ರೇಣುಕಾ ಕುಷ್ಟಗಿಯ ಕಾಲೇಜಿಗೆ ಸೇರಿದ್ದಳು. ಅಪ್ಪ ತೀರ್ಪು ಕೊಟ್ಟಾಗಿತ್ತು: "ಬಸ್ಸು ನಿಂತ್ರ ಕಾಲೇಜು, ಇಲ್ಲಂದ್ರ ಮನಿ."

"ಹೆದರಬ್ಯಾಡವ್ವಾ, ನಾ ಅದೀನಿ," ಎಂದೆ.

"ಅದಕ್ಕ ಹೆದ್ರಿಕಿ ಅಣ್ಣಾ," ಎಂದಳು.

ಅರ್ಜಿ ಹಾಕಿದೆ. ಸಂಜೆಯವರೆಗೆ ಸಹಿ ಹಾಕಿದವನು ನಾನೊಬ್ಬನೇ! ಆಗ ನನಗೆ ಬರುವ ಏಕೈಕ ವಿದ್ಯೆ ನೆನಪಾಯಿತು: ಮಿಮಿಕ್ರಿ. ನಮ್ಮೂರಲ್ಲಿ ಹಿರಿಯ ಶರಣಪ್ಪಜ್ಜನ ಮಾತನ್ನು ಯಾರೂ ಮೀರುವುದಿಲ್ಲ. ಊರಿನ ವಾಟ್ಸಪ್ ಗುಂಪಿಗೆ ಅರ್ಜಿಯ ಲಿಂಕ್ ಹಾಕಿ, ಅದರ ಬೆನ್ನಿಗೇ ಅಜ್ಜನ ದನಿಯನ್ನು ಕೆಮ್ಮಿನ ಸಮೇತ ಬಿಟ್ಟೆ.

"ಎಲ್ಲಾರೂ ಇದನ್ನ ಒತ್ರಿ. ಯಾಕಂತ ಕೇಳಬ್ಯಾಡ್ರಿ!"

ಯಾರೂ ಕೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇಡೀ ಊರು ಒತ್ತಿತ್ತು. ಶರಣಪ್ಪಜ್ಜನೂ ಒತ್ತಿದ್ದ! ತಾನೇ ಹೇಳಿದ ಮೇಲೆ ಒತ್ತದಿದ್ದರೆ ಹೇಗೆ?

ಮರುದಿನ ಡಿಪೋಗೆ ಹೋಗಿ, ಅರ್ಜಿ ಕಾಣುವಂತೆ ಮೊಬೈಲು ಹಿಡಿದು, ಡಿಪೋ ಸಾಹೇಬರ ಮುಂದೆ ಅತ್ಯಂತ ಗಂಭೀರವಾಗಿ ನಿಂತೆ. ಸಾಹೇಬರು ನಮ್ಮೂರ ಅಳಿಯ. ಅವರೂ ಗುಂಪಿನಲ್ಲಿರುವುದು ನನಗೆ ಮರೆತೇ ಹೋಗಿತ್ತು.

"ಇದಾ? ನಿನ್ನೇನ ನಾನೂ ಒತ್ತೀನಿ ಬಿಡಪಾ. ಅಜ್ಜಾರು ಹೇಳಿದ್ರಲ್ಲ!"

"ಸಾಹೇಬ್ರ, ಬಸ್ಸು ನಿಲ್ಲಿಸ್ರಿ ಅಂತ ನಿಮಗ ಬರದದ್ದರಿ ಅದು!"

"ಹೌದಾ? ಭಾಳ ಛಲೋ ಆತು. ನನ್ನ ಬೆಂಬಲ ಪೂರಾ ಐತಿ," ಎಂದು ಚಹಾ ತರಿಸಿದರು. "ಆದ್ರ ಬಸ್ಸು ಹತ್ತೋ ಮಂದಿ ಕಾಣಬೇಕಲ್ಲೋ ತಮ್ಮಾ. ಒತ್ತಿದವರನ್ನೆಲ್ಲಾ ನಾಳಿ ಕ್ರಾಸಿಗೆ ಕರ್ಕೊಂಬಾ. ಗುಂಪು ಇದ್ರ ನಿಲ್ಸು ಅಂತ ಡ್ರೈವರಗ ಹೇಳ್ತೀನಿ."

ವಿಜಯದ ಸುದ್ದಿಯನ್ನು ವಾಟ್ಸಪ್ಪಿಗೆ ಹಾಕಿದೆ. ಹೆಬ್ಬೆರಳುಗಳ ಸುರಿಮಳೆ!

ಬೆಳಿಗ್ಗೆ ಕ್ರಾಸಿನಲ್ಲಿ ಇದ್ದವರು ನಾನು, ರೇಣುಕಾ ಮತ್ತು ಯಾರದೋ ಎಮ್ಮೆ. ಎಮ್ಮೆಗೆ ಕುಷ್ಟಗಿಯಲ್ಲಿ ಕೆಲಸವಿರಲಿಲ್ಲ. ಬಸ್ಸು ಹೋಯಿತು.

"ಅಣ್ಣಾ, ಇವತ್ತು ಪರೀಕ್ಷಾ ಐತಿ. ಗಾಡಿ ತಗಿ."

ತೆಗೆದೆ. ಅಂದಿನಿಂದ ನಾನೇ ಬಸ್ಸು. ಅಪ್ಪನೂ ತೀರ್ಪು ಬದಲಿಸಿದ: "ಆಕಿ ಓದ್ಲಿ. ಇವಗೂ ಒಂದು ಉದ್ಯೋಗ ಸಿಕ್ತು."

ಮೊನ್ನೆ ರೇಣುಕಾ ತನ್ನದೇ ಒಂದು ಅರ್ಜಿ ಹಾಕಿದ್ದಾಳೆ. ಅಣ್ಣ ನಸುಕಿನಲ್ಲೇ ಏಳತಕ್ಕದ್ದು, ದಾರಿಯಲ್ಲಿ ಮಿರ್ಚಿ ತಿನ್ನಲು ನಿಲ್ಲತಕ್ಕದ್ದಲ್ಲ. ಸಹಿ ಹಾಕಿದವರು ಅವ್ವ, ಅಪ್ಪ, ಇಬ್ಬರೇ.

ಅದು ಮಾತ್ರ ಮರುದಿನವೇ ಜಾರಿಗೆ ಬಂತು!